ವೇಬ್ರಿಡ್ಜಿನಲ್ಲಿ ಕರೆಂಟು ಹೋದಾಗ

ಕೊಪ್ಪದ ಕಡೆಯ ರಸ್ತೆಗೆ ಮೂವತ್ತೇಳು ಟ್ರ್ಯಾಕ್ಟರು,
ಒಂದರ ಬಾಲಕ್ಕೆ ಇನ್ನೊಂದರ ಮೂತಿ.
ಹತ್ತೂಕಾಲಿಗೆ ಕರೆಂಟು ಹೋಯಿತು.
ತೂಕದ ಪರದೆಯ ಕೆಂಪು ಅಂಕಿಗಳು
ಹದಿನೆಂಟು ಸಾವಿರದ ನಾನೂರ…
ಎನ್ನುತ್ತಲೇ ಕಣ್ಣು ಮುಚ್ಚಿದವು.

ಜನರೇಟರಿಗೆ ಡೀಸೆಲ್ ಇಲ್ಲ. ತರುತ್ತಾರಂತೆ.
ಗೂಡು ಬಿಟ್ಟು ಹೊರಗೆ ನಿಂತೆ.
ಕಾಕಂಬಿಯ ಹುಳಿನಾತ, ತರಗಿನ ಸದ್ದು,
ಮೇಲೆ, ಯಾರೋ ಈಗಷ್ಟೇ ತಂದು ಸುರಿದಂತೆ,
ಆಕಾಶ.

“ಏನ್ ಸಾ ಅದು, ಸುಣ್ಣದ ಬೆಳ್ಳು ಒರಸ್ದಂಗೆ?”
ಬೋರಲಿಂಗ, ಕಬ್ಬಿನ ಹೊರೆಯ ಮೇಲೆ ಅಂಗಾತ.

“ದೇವಯಾನಿ. ನಮ್ಮದರ ಹಾಗೆ ಇನ್ನೊಂದು ಗೆಲಾಕ್ಸಿ.
ನಿನಗೆ ಕಾಣುವುದು ಅದರ ಹೊಕ್ಕುಳು ಮಾತ್ರ.
ಪೂರ್ತಿ ಕಂಡರೆ
ಆರು ಹುಣ್ಣಿಮೆ ಸಾಲಾಗಿಟ್ಟಷ್ಟು ಅಗಲ.”

“ದೂರ?”

“ಆ ಬೆಳಕು ಹೊರಟು ಇಪ್ಪತ್ತೈದು ಲಕ್ಷ ವರ್ಷ.
ಹೊರಟಾಗ ಕಬ್ಬಿಗೆ ಹೆಸರಿರಲಿಲ್ಲ,
ಹೆಸರಿಡುವ ನಾಲಿಗೆಯೂ.”

ಹಿಂದಿನ ಗಾಡಿಯವನು ಬೀಡಿ ಹಚ್ಚಿದ.
ದೇವಯಾನಿ ಅಳಿಸಿಹೋಗಿ, ನಿಧಾನಕ್ಕೆ ಮರಳಿತು.

“ಬತ್ತಾ ಅದಾ, ಓಯ್ತಾ ಅದಾ?”

“ಬರ್ತಾ ಇದೆ. ಸೆಕೆಂಡಿಗೆ ನೂರು ಕಿಲೋಮೀಟರಿಗೂ ಮೇಲೆ.
ನೀನು ‘ಮಂಡ್ಯ’ ಅನ್ನುವಷ್ಟರಲ್ಲಿ ಬೆಂಗಳೂರು.”

“ಅಂಗಾರೆ ನಾಳೀಕೇ ಬಂದ್ಬುಡ್ತದೆ.”

“ನಾನೂರು ಕೋಟಿ ವರ್ಷ ಬೇಕು.
ಆಮೇಲೂ ತಾಗುತ್ತದೋ, ಪಕ್ಕದಲ್ಲೇ ಜಾರುತ್ತದೋ,
ಬಲ್ಲವರಿಗೇ ಈಗ ಅನುಮಾನ.”

ಅವನು ನಕ್ಕ. “ನಮ್ ಲೈನೇ ವಾಸಿ ಕಣ್ ಬುಡಿ ಸಾ.”

ಹೇಳದೆ ಉಳಿಸಿಕೊಂಡೆ:
ಬರುವುದು ಇದೊಂದೆರಡೇ.
ಮಿಕ್ಕವೆಲ್ಲ ಸರಿಯುತ್ತಿವೆ, ದೂರವಿದ್ದಷ್ಟೂ ಜೋರಾಗಿ,
ಖಾಲಿ ಟ್ರೈಲರುಗಳ ಹಿಂದೀಪದಂತೆ ಕೆಂಪಾಗುತ್ತ.
ಅಷ್ಟು ದಾರಿ ಬಂದ ಬೆಳಕು ಹಿಗ್ಗಿ, ಸೊರಗಿ,
ಸರದಿಯಲ್ಲಿ ಒಣಗಿದ ಕಬ್ಬಿನಂತೆ ತೂಕ ಇಳಿದಿರುತ್ತದೆ.
ಆ ಕಡಿತ ಯಾರ ಖಾತೆಗೆ?
ಯಾವ ಚೀಟಿಯಲ್ಲೂ ಬರೆದಿಲ್ಲ.

ಇನ್ನೂ ಒಂದು. ಕಂಡ ಚುಕ್ಕಿಗಳನ್ನೆಲ್ಲ ಕೂಡಿದರೂ
ಗೆಲಾಕ್ಸಿಯ ತೂಕ ತಾಳೆಯಾಗುವುದಿಲ್ಲವಂತೆ,
ಕಾಣದ ಹೊರೆಯೇ ಹೆಚ್ಚಂತೆ.
ಹದಿನಾಲ್ಕು ವರ್ಷ ಗಾಡಿ ತೂಗಿದವನು ನಾನು,
ತಕರಾರಿಲ್ಲದೆ ಒಪ್ಪಿಕೊಂಡೆ.

ಐದು ನಿಮಿಷ ಕಮ್ಮಿ ಹನ್ನೊಂದಕ್ಕೆ ಕರೆಂಟು ಬಂತು.
ಕಾರ್ಖಾನೆಯ ದೀಪಗಳು ಆಕಾಶವನ್ನು ವಾಪಸು ತೆಗೆದುಕೊಂಡವು.
ಪರದೆಯಲ್ಲಿ ಸೊನ್ನೆ, ಸೊನ್ನೆ, ಸೊನ್ನೆ.
ಈ ನಲವತ್ತು ನಿಮಿಷದಲ್ಲಿ ದೇವಯಾನಿ
ಎರಡೂವರೆ ಲಕ್ಷ ಕಿಲೋಮೀಟರು ಮುಂದೆ ಬಂದಿತ್ತು.

ಬೋರಲಿಂಗ ಕೆಳಗಿಳಿದು, ಗೇರು ಹಾಕಿ,
ಹನ್ನೆರಡಡಿ.