ಟೊಮೇಟೊ ಇರಲಿಲ್ಲ

ಮಧ್ಯಂತರಕ್ಕೆ ಮುಂಚೆಯೇ ಹನ್ನೊಂದು ತಪ್ಪು ಬರೆದಿದ್ದೆ
ಮಂಡಿಯ ಚೀಟಿಯ ಹಿಂಬದಿಗೆ, ಕತ್ತಲಲ್ಲಿ,
ಸಾಲಿನ ಮೇಲೆ ಸಾಲು ಹತ್ತಿಸಿಕೊಂಡು.

ಒಂದು: ಸಾವಿರದ ಇನ್ನೂರು ವರ್ಷ ಹಿಂದಿನ ಸಂತೆಯಲ್ಲಿ
ರಾಣಿ ಮಾರುವೇಷದಲ್ಲಿ ನಡೆಯುತ್ತಾಳೆ,
ಅವಳ ಎಡಕ್ಕೆ ಗುಡ್ಡೆ ಹಾಕಿದ ಟೊಮೇಟೊ.
ನಮ್ಮದೇ ಟೊಮೇಟೊ. ಕೋಲಾರದ ಎಪಿಎಂಸಿಯದು,
ಹದಿನೈದು ಕೇಜಿ ಬಾಕ್ಸಿನದು.
ಅವತ್ತಿನ ದರವೂ ನೆನಪಿದೆ ನನಗೆ, ನೂರ ಎಂಬತ್ತು.
ಕಡಲಾಚೆಯ ಹಣ್ಣು, ಹಡಗು ಹತ್ತಲು
ಇನ್ನೂ ಏಳುನೂರು ವರ್ಷ ಕಾಯಬೇಕಿತ್ತು.

ಎರಡು: ಒಣ ಮೆಣಸಿನಕಾಯಿ ತೋರಣ.
ಮೂರು: ವೀರನ ಕೊರಳಿಗೆ ಚೆಂಡುಹೂವಿನ ಹಾರ.
ಪಾಪ, ಚೆಂಡುಹೂವೂ ಹೊರಗಿನವಳೇ,
ಯಾರಿಗೆ ಹೇಳಿದರೂ ನಂಬುವುದಿಲ್ಲ.
ನಾಲ್ಕು: ದಂಡು ಕಂಚಿಯ ಕೋಟೆ ಮುತ್ತುವಾಗ
ಹಿಂದೆ ಅಂತರಗಂಗೆ ಬೆಟ್ಟ, ಬೆಟ್ಟದ ಬುಡಕ್ಕೆ ನೀಲಗಿರಿ ತೋಪು,
ಬೆಳ್ಳಗೆ, ನೆಟ್ಟಗೆ, ಅರಣ್ಯ ಇಲಾಖೆಯವರು ನೂಲು ಹಿಡಿದ ಸಾಲಿನಲ್ಲಿ.
ಐದು: ಹಾರುವ ಆನೆ.

ಅದನ್ನು ಬರೆದು, ಹೊಡೆದುಹಾಕಿದೆ.
ಆನೆಯದು ತಪ್ಪಲ್ಲ. ಹಾರುತ್ತೇನೆ ಎಂದು ಹೇಳಿಯೇ ಹಾರುತ್ತದೆ ಅದು.
ಟೊಮೇಟೊ ಮಾತ್ರ
ಸುಮ್ಮನೆ ಕೂತು ಸುಳ್ಳು ಹೇಳುತ್ತದೆ.

ಪಕ್ಕದ ಸೀಟಿನಲ್ಲಿ ಪಿಳ್ಳಪ್ಪ, ನಮ್ಮ ಮಂಡಿಯ ಹಮಾಲಿ.
ಟಿಕೆಟ್ಟು, ಕಡಲೆಕಾಯಿ, ಎಲ್ಲ ಅವನದೇ ಖರ್ಚು.
ಹೋದ ವರ್ಷ ಶೂಟಿಂಗಿಗೆ ಹೋಗಿದ್ದ.
ದಿನಕ್ಕೆ ಎಂಟುನೂರು, ಮಧ್ಯಾಹ್ನ ಬಿರಿಯಾನಿ.
ಬೆಳಿಗ್ಗೆ ಗಂಗರ ಕಡೆ ಸತ್ತ,
ಉಂಡು ಕೈತೊಳೆದು, ಪೇಟ ಬದಲಿಸಿ, ಪಲ್ಲವರ ಕಡೆ ಸತ್ತ.
ಬಾಕ್ಸು ಹೊತ್ತು ಕಟ್ಟಿದ ದಡ್ಡು ಹೆಗಲ ಮೇಲೆ;
ಮೇಕಪ್ಪಿನವನು ಮುಟ್ಟಿ ನೋಡಿ
ಹಳೇ ಕತ್ತಿಗಾಯದ ಥರ ಇದೆ, ಇರಲಿ, ಎಂದನಂತೆ.

"ಅಗೋ ಸಾ, ಅಗೋ, ಆ ಬೆನ್ನು ನಂದು!"
ನಾನು ಚೀಟಿಯಿಂದ ತಲೆ ಎತ್ತುವಷ್ಟರಲ್ಲಿ
ಬೆನ್ನಿನ ಮೇಲೆ ಕುದುರೆ ಹಾದುಹೋಗಿತ್ತು.

ಬರುವಾಗ ಕೆರೆ ಏರಿಯ ಮೇಲೆ ಗಾಡಿ ನಿಲ್ಲಿಸಿದೆ.
ತೂಬಿನ ಪಕ್ಕ, ಲಂಟಾನ ಸರಿಸಿದರೆ, ನನ್ನ ವೀರಗಲ್ಲು.
ನನ್ನದು ಅಂದರೆ,
ಭಾನುವಾರಗಳಲ್ಲಿ ಕೂತು ನಾನು ಓದಲು ಕಲಿತದ್ದು.
ಮೊಬೈಲಿನ ಬೆಳಕು ಓರೆಯಾಗಿ ಹಿಡಿದೆ, ಹಾಗೆ ಹಿಡಿದರೇ ಅಕ್ಷರ ಏಳುವುದು.
ತುರುವಂ ಮಗುಳ್ಚಿ ಸತ್ತಂ.
ಹಸು ಹೊಡೆದುಕೊಂಡು ಹೋದವರನ್ನು ಅಟ್ಟಿ,
ಹಸು ತಿರುಗಿಸಿ ತಂದು, ಸತ್ತ.
ಹೆಸರಿದ್ದ ಜಾಗದಲ್ಲಿ ತಲೆಮಾರುಗಟ್ಟಲೆ ಮಚ್ಚು ಮಸೆದು
ಕಲ್ಲು ತೊಟ್ಟಿಲಿನಂತೆ ಬಾಗಿದೆ.
"ನೋಡು, ಇದು ಚರಿತ್ರೆ" ಅಂದೆ,
ಸ್ವಲ್ಪ ಜೋರಾಗಿಯೇ.

ಪಿಳ್ಳಪ್ಪ ಕೆಳಗಿನ ಕಾಳಗ ಬಿಟ್ಟು
ಮೇಲಿನ ಪಟ್ಟಿಗೆ ಬೆರಳಿಟ್ಟ.
"ಇವರ್ಯಾರು ಸಾ? ಇಬ್ರು ಎಂಗಸ್ರು,
ಇವನ ಕಂಕುಳಿಗೆ ಕೈ ಆಕಿ ಎತ್ಕಂಡು ಓಗ್ತಾವ್ರೆ?"
ಅಪ್ಸರೆಯರು.
"ಆರ್ತಾವ್ರೆ."
ಹೌದು.
"ಇದ್ನೂ ಚೀಟೀಲಿ ಬರ್ಕಂಡ್ರಾ?"

ಬೆಂಗಳೂರಿಂದ ಪೈಪಿನಲ್ಲಿ ಬಂದ ನೀರು
ಕೆರೆಯಂಚಿಗೆ ನೊರೆ ತಂದು ಹಾಕುತ್ತಿತ್ತು.
ಈ ನೀರು ನೋಡಿದರೆ
ಕಲ್ಲಿನವನು ಯಾವುದನ್ನು ಕಟ್ಟುಕಥೆ ಅನ್ನುತ್ತಿದ್ದನೋ.
ನಾನು ಬೆಳಕನ್ನು ಮತ್ತೆ ಕೆಳಗೆ ತಂದೆ.
ಕಾಳಗಕ್ಕೂ ಸ್ವರ್ಗಕ್ಕೂ ನಡುವೆ
ಎರಡು ಬೆರಳಗಲ ಬರೀ ಕಲ್ಲು ಬಿಟ್ಟಿದ್ದಾನೆ ಕಲ್ಲುಕುಟಿಗ.
ಅಕ್ಷರ ಇರುವುದು ಅಷ್ಟರಲ್ಲೇ.

"ಇವನಿಗೆಷ್ಟು ಕೊಟ್ರು?"
ಕಲ್ನಾಡು ಅಂತಿದೆ. ಹೆಂಡತಿ ಮಕ್ಕಳಿಗೆ ಗದ್ದೆ.
ಎಷ್ಟು ಅನ್ನುವಲ್ಲಿ ಚಕ್ಕೆ ಎದ್ದುಹೋಗಿದೆ.
ಪಿಳ್ಳಪ್ಪ ನಕ್ಕ. ಆ ಕಲ್ಲಿನ ಮೇಲೇ ಕೈಯೂರಿ ಎದ್ದ.
"ನಂದೂ ಅಂಗೇ ಸಾ.
ಎರಡನೇ ಸಾವಿಗೆ ಬ್ಯಾರೆ ಕೊಡ್ತೀವಿ ಅಂದಿದ್ರು."

ಚೀಟಿಯಲ್ಲಿ ಇನ್ನೊಂದು ಸಾಲಿಗೆ ಜಾಗವಿತ್ತು.
ಬರೆದೆ: ಪಿಳ್ಳಪ್ಪ, ಮಧ್ಯಾಹ್ನದ ಮೇಲಿನದು, ಬಾಕಿ.