ಮೇಲಿನಂತೆ

ಶುಕ್ರವಾರ ಸಂಜೆ ಆರೂ ಹತ್ತಕ್ಕೆ ಬಿಲ್ಡ್ ನಿಂತಿತು.
ಭಾಂಡೂಪಿನ ಇಂಡಸ್ಟ್ರಿಯಲ್ ಎಸ್ಟೇಟು, ಮೂರನೆಯ ಮಾಳಿಗೆ;
ಎಡಕ್ಕೆ ಸ್ಟೀಲ್ ಡಬ್ಬಿಗೆ ಪಾಲಿಶ್ ಹಿಡಿಯುವವರು,
ಬಲಕ್ಕೆ ರಬ್ಬರ್ ಮೊಹರು ಕೊರೆಯುವವರು,
ನಡುವೆ ನಾವೈದು ಜನ,
ಲಾರಿ ತೂಗುವ ವೇಬ್ರಿಜ್ಜಿಗೆ ಸಾಫ್ಟ್‌ವೇರ್ ಬರೆಯುವವರು.
ಸೋಮವಾರದಿಂದ ಹೊಸ ದರ. ಬಿಲ್ಡ್ ಆಗದಿದ್ದರೆ
ನ್ಹಾವಾ ಶೇವಾದ ಹಾದಿಯ ಲಾರಿಗಳೆಲ್ಲ
ಹಳೇ ಭಾವದಲ್ಲೇ ತೂಗಿಸಿಕೊಂಡು ಹೋಗುತ್ತವೆ.

ಪರದೆಯ ಮೇಲೆ ಕೆಂಪಕ್ಷರ:
ನಲವತ್ತೇಳು ಉತ್ತರಿಸುತ್ತಿಲ್ಲ.
ಮತ್ತೆ ಕರೆದೆ. ಮತ್ತೆ ಅದೇ.
ನೂರ ತೊಂಬತ್ತೆರಡು, ನೂರ ಅರವತ್ತೆಂಟು, ಸೊನ್ನೆ, ನಲವತ್ತೇಳು:
ಬೀದಿ, ಗಲ್ಲಿ, ಮಾಳಿಗೆ, ಖೋಲಿ ಎಂದು ಓದಿಕೊಳ್ಳಿ.
ಆ ಖೋಲಿಯಲ್ಲಿ ಇದ್ದವರು ಯಾರು?

ಋಜುತಾಗೆ ಗೊತ್ತಿಲ್ಲ, ಸೇರಿದ್ದೇ ಕಳೆದ ದೀಪಾವಳಿಗೆ.
ಮಾಲಕ ಛೇಡಾ ಸೇಠರಿಗೆ
"ನಿನ್ನೆವರೆಗೆ ನಡೀತಿತ್ತಲ್ಲ" ಅನ್ನುವುದಷ್ಟೇ ಗೊತ್ತು.
ಸ್ಕ್ರಿಪ್ಟು ಬಗೆದರೆ ಆ ಅಂಕಿ ಹತ್ತೊಂಬತ್ತು ಕಡೆ,
ಬಾಡಿಗೆಯವರು ಹೊಡೆದು ಬಿಟ್ಟುಹೋದ ಮೊಳೆಗಳ ಹಾಗೆ.
ಮೊದಲನೆಯದರ ಪಕ್ಕ ಒಂದು ಟಿಪ್ಪಣಿ:
ಸದ್ಯಕ್ಕೆ ಇರಲಿ, ಆಮೇಲೆ ಸರಿ ಮಾಡುವೆ. ಹೊರ್ಮಝ್.
ತಾರೀಖು ಹನ್ನೊಂದು ವರ್ಷ ಹಳೆಯದು.

ಹೊರ್ಮಝ್ ಬಾಟ್ಲಿವಾಲಾ ಈಗ ಗ್ರಾಂಟ್ ರೋಡಿನಲ್ಲಿ
ಪಿಯಾನೋಗಳ ಶ್ರುತಿ ಕೂಡಿಸುತ್ತಾನೆ.
ಫೋನಿನಾಚೆ ಒಂದೇ ಸ್ವರ, ಟಣ್, ಟಣ್.
"ಅದಿನ್ನೂ ಬದುಕಿದೆಯಾ!" ಎಂದು ನಕ್ಕ.
"ಪ್ರಿಂಟರ್ ಮೇಜಿನ ಕೆಳಗೆ ನೋಡು, ಕರಿ ಡಬ್ಬಿ.
ಏಳದಿದ್ದರೆ ಎಡಗಡೆ ಒಂದು ತಟ್ಟು. ಮೆಲ್ಲಗೆ."

ಡಬ್ಬಿಯ ಮೇಲೆ ಮನಿಪ್ಲಾಂಟಿನ ಕುಂಡ.
ಇಷ್ಟು ವರ್ಷ ಗಿಡಕ್ಕೆ ನೀರು ಹನಿಸಿದ್ದೆವು,
ಅಡಿಯಲ್ಲಿದ್ದದ್ದನ್ನು ಸ್ಟೂಲು ಅಂದುಕೊಂಡು.
ಅದರ ಪ್ಲಗ್ಗಿನ ಜಾಗದಲ್ಲಿ
ಇವತ್ತು ದಗಡೂನ ಚಹಾ ಕೆಟಲು.

ಕೆಟಲು ಕಿತ್ತು ಅದನ್ನು ಚುಚ್ಚಿದೆವು. ಎಡಗಡೆ ತಟ್ಟಿದೆ.
ಕೆಮ್ಮಿತು, ಎದ್ದಿತು, ಹಸಿರು ಕಣ್ಣು ಬಿಟ್ಟಿತು.
ಆದರೆ ಹೊಸ ರೌಟರಿಗೆ ಅದರ ಗುರುತಿಲ್ಲ;
ಬ್ಯಾಂಕಿನಲ್ಲಿ ಟೋಕನ್ ಕೊಡುವ ಹಾಗೆ
ಎಂಬತ್ತಮೂರು ಎಂದು ಚೀಟಿ ಕೊಟ್ಟು ಕೂರಿಸಿತು.
ನಾವು ನಲವತ್ತೇಳರ ಬಾಗಿಲು ಬಡಿಯುತ್ತಲೇ ಇದ್ದೆವು.
ಅದು ಎಂಬತ್ತಮೂರರಲ್ಲಿ ಕೂತು
ಕರೆಯನ್ನೇ ಕಾಯುತ್ತಿತ್ತು.

ಪ್ರತಿ ಯಂತ್ರಕ್ಕೂ ತನ್ನನ್ನು ತಾನು ಕರೆದುಕೊಳ್ಳಲು ಒಂದು ಅಂಕಿ:
ನೂರ ಇಪ್ಪತ್ತೇಳು, ಸೊನ್ನೆ, ಸೊನ್ನೆ, ಒಂದು.
ಕನ್ನಡದಲ್ಲಾದರೆ ಎರಡೇ ಅಕ್ಷರ: ತಾನು.
ಋಜುತಾ ಎಲ್ಲ ಕಡೆ ಅದನ್ನೇ ಬರೆದಳು.
ಅವಳಲ್ಲಿ ಓಡಿತು. ನನ್ನಲ್ಲಿ ಇಲ್ಲ.
ಅವಳ ತಾನು ಅವಳು, ನನ್ನ ತಾನು ನಾನು;
ನನ್ನೊಳಗೆ ಹುಡುಕಿದರೆ ಅಲ್ಲಿ ಡೇಟಾಬೇಸೇ ಇಲ್ಲ.
"ನನ್ನಲ್ಲಿ ನಡೀತದಲ್ಲ" ಎಂದಳು, ತುಸು ಬಿಗಿದು.

ಆಗ ನೆನಪಾದದ್ದು ಅಪ್ಪನ ರೇಷನ್ ಫಾರಮ್ಮು.
ಬಂದರಿನಲ್ಲಿ ಮೂಟೆ ಎಣಿಸುವ ಗುಮಾಸ್ತ, ದುಂಡಕ್ಷರ.
ಈಗಿನ ವಿಳಾಸ: ಶಿವಡಿ, ಖೋಲಿ ಇಪ್ಪತ್ತೆರಡು, ನಳದ ಎದುರು.
ಕಾಯಂ ವಿಳಾಸ:
ಕಾರಕೂನ ಪೆನ್ನು ಕುಟ್ಟಿದ, ಗಾವ್ ಬರೀರಿ, ಗಾವ್.
ಅಪ್ಪ ಸ್ವಲ್ಪ ಹೊತ್ತು ಮಾಡು ನೋಡಿ
ಬರೆದ: ಮೇಲಿನಂತೆ.
ಆಮೇಲೆ ಮೂರು ಸಲ ಮನೆ ಬದಲಾಯಿತು.
ಪ್ರತಿ ಸಲ ಮೇಲಿನ ಸಾಲೊಂದನ್ನೇ ಹೊಡೆದು ತಿದ್ದಿದ;
ಕೆಳಗಿನದು ತಂತಾನೇ ಸರಿಹೋಯಿತು.

ಹತ್ತೊಂಬತ್ತು ಮೊಳೆ ಕಿತ್ತೆ.
ಸ್ಕ್ರಿಪ್ಟಿನ ನೆತ್ತಿಯಲ್ಲಿ ಒಂದು ಹೆಸರು, ಮುಂದೆ ಖಾಲಿ ಜಾಗ,
ಅವರವರ ಯಂತ್ರದಲ್ಲಿ ಅವರವರು ತುಂಬಿಕೊಳ್ಳಲಿ.
ಉಳಿದೆಡೆಯೆಲ್ಲ, ಮೇಲಿನಂತೆ.
"ತುಂಬದೆ ಬಿಟ್ಟರೆ?" ಋಜುತಾ ಕೇಳಿದಳು.
ಬಿಟ್ಟರೆ ನಿಲ್ಲಲಿ. ನಿಂತು ಕೇಳಲಿ.
ಗೊತ್ತಿರುವಂತೆ ನಟಿಸಿ ಯಾರದೋ ಬಾಗಿಲು ಬಡಿಯುವುದು ಬೇಡ.

ಒಂಬತ್ತೂ ನಲವತ್ತಕ್ಕೆ ಮುಗಿಯಿತು.
ಪಾಲಿಶ್‌ನವರು ಶಟರ್ ಎಳೆದು ಹೋಗಿಯಾಗಿತ್ತು.
ಹೊರ್ಮಝನ ಟಿಪ್ಪಣಿ ಅಳಿಸಹೋದ ಬೆರಳು ತಡೆಯಿತು.
ಯಂತ್ರ ಹೇಗೂ ಅದನ್ನು ಓದುವುದಿಲ್ಲ.
ಅದರ ಕೆಳಗೆ ಬರೆದೆ:
ಸರಿ ಮಾಡಿದೆ. ಇಂದುಮತಿ.

ದಗಡೂ ಕೆಟಲು ಹಿಡಿದು ಇನ್ನೂ ನಿಂತೇ ಇದ್ದ:
"ಮೇಡಮ್, ಇದನ್ನೆಲ್ಲಿ ಚುಚ್ಚಲಿ?"