ನೂರ ನಲವತ್ತಮೂರು

ಮಹಲಾಪ್ಯೆಯಿಂದ ಪಡುವಣಕ್ಕೆ ಮರಳು ದಾರಿ.
ಗಾಡಿ ನನ್ನದು, ಬಾಗಿಲು ತಂತಿಯಲ್ಲಿ ಬಿಗಿದದ್ದು.
ಬೆಳಿಗ್ಗೆ ಲಾಟೀನು ಪಕ್ಷಕ್ಕೆ ಬಾಡಿಗೆ,
ಮಧ್ಯಾಹ್ನ ಗುದ್ದಲಿ ಪಕ್ಷಕ್ಕೆ.
ಮೊರುಲಾ ಮರದ ಕೆಳಗೆ ನಿಲ್ಲಿಸಿ
ಹಳದಿ ಬಟ್ಟೆ ಬಿಚ್ಚಿ ಹಸಿರು ಕಟ್ಟುತ್ತಿದ್ದೆ.
ಮೈಕು ಅದೇ, ಧೂಳಿನ ಕೆಮ್ಮು ಅದೇ,
ಬ್ಯಾಟರಿ ಸತ್ತಾಗ ಇಬ್ಬರೂ ನನ್ನ ಬೈದದ್ದು
ಅದೇ ಮಾತಿನಲ್ಲಿ.

ಎಣಿಕೆಯ ರಾತ್ರಿ ಶಾಲೆಯ ಕರಿಹಲಗೆಯ ಮೇಲೆ
ಯಾರೋ ಸೀಮೆಸುಣ್ಣದಲ್ಲಿ ಬರೆದರು:
ದೊಡ್ಡವರಿಗೆ ಸಾವಿರದ ಒಂಬೈನೂರ ಹನ್ನೆರಡು,
ಲಾಟೀನಿಗೆ ಸಾವಿರದ ನೂರ ಆರು,
ಗುದ್ದಲಿಗೆ ಒಂಬೈನೂರ ನಲವತ್ತೊಂಬತ್ತು.
ಒಬ್ಬ ಹುಡುಗ ಕೆಳಗಿನೆರಡು ಕೂಡಿಸಿ
ಮೇಲಿನದನ್ನು ಕಳೆದು
ನೂರ ನಲವತ್ತಮೂರು ಎಂದು ಬರೆದ.
ಅಡಿಗೆರೆ ಎಳೆದ, ಎರಡು ಸಲ.
ಅಳಿಸಲು ಯಾರಿಗೂ ಕೈ ಬರಲಿಲ್ಲ.

ಆಮೇಲೆ ಐದು ವರ್ಷ ಆ ಸಂಖ್ಯೆ
ಸಾವಿನ ಮನೆಯಲ್ಲಿ, ಹೆಂಡದಂಗಡಿಯಲ್ಲಿ,
ದನ ಕುಡಿಯುವ ಕೊಳವೆಬಾವಿಯ ಬಳಿ
ನಮ್ಮ ಜೊತೆಗೇ ಕೂತು, ಜೊತೆಗೇ ಎದ್ದಿತು.

ಮೊನ್ನೆ ಶನಿವಾರ ಮಾತುಕತೆ.
ಯಾರ ಅಂಗಳದಲ್ಲಿ ಎಂಬುದಕ್ಕೇ ಎರಡು ವಾರ ಜಗಳ,
ಕೊನೆಗೆ ಗಲೆಬೋಯೆ ಅಜ್ಜಿಯ ಅಂಗಳ,
ಅವಳು ಯಾರ ಕಡೆಯೂ ಅಲ್ಲವೆಂದು.
ಹದಿನೇಳು ಜನ, ಒಂಬತ್ತು ಕುರ್ಚಿ.

"ಹನಿಗೂಡಿದರೆ ಹಳ್ಳ" ಎಂದರು ಕೆಲೆಬೊನ್ಯೆ ಟೀಚರು.
ಇಲ್ಲಿ ಮಳೆಗೂ ದುಡ್ಡಿಗೂ ಒಂದೇ ಹೆಸರು, ಪುಲ;
ಎರಡೂ ಬಾರದ ವರ್ಷ ಆ ಮಾತಿಗೆ ತೂಕ ಜಾಸ್ತಿ.

ರೈಲು ಯೂನಿಯನ್ನಿನ ರಾಸೆಬೊತ್ಸಾ
ಟೊಪ್ಪಿ ತೆಗೆದು ಮಂಡಿಯ ಮೇಲಿಟ್ಟ:
"ಹಳ್ಳಕ್ಕೆ ಹೆಸರಿರುತ್ತೆ ಟೀಚರ್,
ಹನಿಗೆ ಎಲ್ಲಿರುತ್ತೆ?
ಒಮ್ಮೆ ಚೀಟಿಯಿಂದ ಗುದ್ದಲಿ ಇಳಿಸಿದರೆ
ಮತ್ತೆ ಅದಕ್ಕೆ ಕಾವು ಹಾಕುವವರು ಯಾರು?
ಹದಿನೆಂಟು ವರ್ಷ ಬಿಸಿಲಲ್ಲಿ ನಡೆದು
ಒಂಬೈನೂರು ಮಾಡಿದೆವು.
ಇನ್ನೂ ಹದಿನೆಂಟು ನಡೆಯುತ್ತೇವೆ."

"ಆಗ ನಿನಗೆ ಎಂಬತ್ತೊಂದು" ಎಂದರು ಟೀಚರು.
ಯಾರೋ ನಕ್ಕರು. ಅವನೂ ನಕ್ಕ, ತುಸು ತಡವಾಗಿ.

ನನಗೆ ಇಬ್ಬರದೂ ಸರಿ ಅನ್ನಿಸಿತು.
ಡ್ರೈವರನ ರೋಗ ಅದು:
ಹತ್ತಿದವರೆಲ್ಲ ಹೇಳಿದ ದಾರಿಗೆ ಹೂಂಗುಟ್ಟುವುದು.

ಜೋಳ ಕೇರುತ್ತ ಕೂತಿದ್ದ ಅಜ್ಜಿ
ಮೊರ ನಿಲ್ಲಿಸದೆಯೇ ಅಂದಳು:
"ನನ್ನ ವೋಟು ಯಾವಾಗಲೂ ಗುದ್ದಲಿಗೆ.
ನನ್ನ ಗಂಡ ಸತ್ತಾಗ ಗುಂಡಿ ತೋಡಿದವರು ಅವರು,
ದೊಡ್ಡವರ ಶಾಮಿಯಾನ ಬಂದದ್ದು ಮಾರನೆಯ ದಿನ,
ಲಾಟೀನಿನವರು ಬರಲೇ ಇಲ್ಲ.
ಚೀಟಿಯಲ್ಲಿ ಗುದ್ದಲಿ ಇಲ್ಲದಿದ್ದರೆ
ಆ ದಿನ ನಾನು ಮೇಕೆ ಕಾಯುತ್ತೇನೆ.
ನೀವು ನನ್ನನ್ನ ಕೇಳಿ ಕೂಡಿಸಿದಿರಾ?"

ಅಂದು ಹಲಗೆಯಲ್ಲಿ ಲೆಕ್ಕ ಬರೆದ ಹುಡುಗ,
ಈಗ ಮೀಸೆ ಮೂಡಿದವನು,
ಜೇಬಿನ ಕಾಗದ ಅರ್ಧ ಹೊರಗೆ ತೆಗೆದು
ಹಾಗೇ ಒಳಗಿಟ್ಟ.

ತೀರ್ಮಾನ ಹದಿನೈದು ದಿನಕ್ಕೆ ಮುಂದೆ ಹೋಯಿತು.
ಚಹಾದ ಖರ್ಚು ಅರ್ಧರ್ಧ, ಅದೊಂದು ಒಪ್ಪಿದರು.
ವಾಪಸು ಬರುವಾಗ ಗಾಡಿ ಮರಳಲ್ಲಿ ಹೂತಿತು.
ಇಬ್ಬರೂ ಇಳಿದರು, ಭುಜ ಕೊಟ್ಟರು,
ಟೀಚರ ಒಂದು ಚಪ್ಪಲಿ ಹರಿಯಿತು,
ಗಾಡಿ ಮೇಲೆ ಬಂತು.
ಮುಂದಿನ ಸೀಟು ಒಂದೇ.
ಅವರು ಇವನ ಮುಖ ನೋಡಿದರು, ಇವನು ಅವರ ಮುಖ.
ಇಬ್ಬರೂ ಹಿಂದೆ ಹತ್ತಿದರು.
ನನ್ನ ಪಕ್ಕ ಖಾಲಿ, ಊರು ಮುಟ್ಟುವವರೆಗೂ.

ಒಂದು ಮಾತು ನಾನು ಯಾರಿಗೂ ಹೇಳಿಲ್ಲ.
ಆ ಚುನಾವಣೆಯ ದಿನ ನಸುಕಿನಿಂದ
ಮುದುಕರನ್ನು, ಬಸುರಿಯರನ್ನು, ಕುಂಟರನ್ನು
ಎರಡೂ ಪಕ್ಷದ ಲೆಕ್ಕದಲ್ಲಿ ತಂದು ತಂದು ಇಳಿಸಿ
ನಾನು ಸಾಲಿಗೆ ಬರುವಷ್ಟರಲ್ಲಿ
ಗೇಟು ಹಾಕಿತ್ತು.
ಕಂಬಿಯ ಆಚೆ ಪೊಲೀಸಿನವ ಕೈಗಡಿಯಾರ ತೋರಿಸಿದ.
ಈಚೆ ನಾನು
ಗಾಡಿಯ ಕೀಲಿ ತೋರಿಸಿದೆ.